ರೋಸ್ಕಿಲ್ಡೆಯಲ್ಲಿ ಮೇಲೆ ಇಳಿಸಿ, ಕೆಳಗೆ ಹತ್ತಿಸಿಕೊಳ್ಳಿ

ಡೆನ್ಮಾರ್ಕಿಗೆ ಗುಂಪು ಕರೆದುಕೊಂಡು ಹೋಗುವವರು ನನ್ನ ಹತ್ತಿರ ಮೊದಲು ಕೇಳುವುದು ಹೋಟೆಲ್ ಬಗ್ಗೆ, ಆಮೇಲೆ ಊಟದ ಬಗ್ಗೆ. ನಾನು ಅವರನ್ನು ಮೊದಲು ಕೇಳುವುದು ಒಂದೇ: ಆ ದಿನ ನಿಮ್ಮ ಡ್ರೈವರ್ ಎಷ್ಟು ಗಂಟೆಗೆ ಕೆಲಸ ಶುರು ಮಾಡುತ್ತಾರೆ?

ಟೂರ್ ಮ್ಯಾನೇಜರ್ ಆದ ಹೊಸದರಲ್ಲಿ ನಾನು ಇದನ್ನು ಕೇಳಿರಲಿಲ್ಲ. ಹ್ಯಾಂಬರ್ಗ್‌ನಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಜರ್ಮನಿಯ ಪುಟ್‌ಗಾರ್ಡನ್ ಬಂದರಿನಲ್ಲಿ ಬಸ್ಸಿನ ಸಮೇತ ಫೆರ್ರಿ ಹತ್ತಿ ಡೆನ್ಮಾರ್ಕಿನ ರೋಸ್ಕಿಲ್ಡೆ ಊರಿಗೆ ಬಂದೆವು. ಸಂಜೆ ಕೋಪನ್‌ಹೇಗನ್ ಸೇರುವುದು ಎಂದು ಪ್ಲಾನ್. ನಾನು ಎಲ್ಲರನ್ನೂ ಕೆಳಗೆ ಬಂದರಿನಲ್ಲಿ ಇಳಿಸಿ, ಅಲ್ಲಿನ ಹಳೆಯ ವೈಕಿಂಗ್ ಹಡಗು ನೋಡಿಸಿ, ಆಮೇಲೆ ಗುಡ್ಡದ ಮೇಲಿನ ಕೆಥೆಡ್ರಲ್‌ಗೆ, ಅಂದರೆ ಊರಿನ ದೊಡ್ಡ ಚರ್ಚಿಗೆ, ನಡೆಸಿದೆ. ದೂರ ಬರೀ ಒಂದು ಕಿಲೋಮೀಟರ್. ಆದರೆ ಏರು. ಮಂಡಿ ನೋವಿನವರು ಅರ್ಧಕ್ಕೇ ಕುಳಿತರು. ಕೊನೆಯವರು ವಾಪಸ್ ಬಸ್ಸಿನ ಹತ್ತಿರ ಬಂದಾಗ ಆರೂಮುಕ್ಕಾಲು. ಡ್ರೈವರ್‌ನ ಆ ದಿನದ ಕೆಲಸ ಏಳಕ್ಕೆ ಮುಗಿಯಬೇಕಿತ್ತು, ಅಷ್ಟರಲ್ಲಿ ಕೋಪನ್‌ಹೇಗನ್ ತಲುಪುವುದು ಆಗುತ್ತಿರಲಿಲ್ಲ. ಅವರು ಬಸ್ ತೆಗೆಯಲಿಲ್ಲ. ತೆಗೆಯದೇ ಇದ್ದದ್ದೇ ಸರಿ. ನಲವತ್ತು ಜನ ಮತ್ತೆ ಅದೇ ಏರು ಹತ್ತಿ ಸ್ಟೇಷನ್‌ಗೆ ಹೋಗಿ ರೈಲಿನಲ್ಲಿ ಕೋಪನ್‌ಹೇಗನ್ ಸೇರಿದರು. ಆ ಹಿರಿಯರ ಮುಖ ನನಗೆ ಇನ್ನೂ ನೆನಪಿದೆ.

ಯುರೋಪಿನ ನಿಯಮ ಹೀಗಿದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಡ್ರೈವರ್‌ಗೆ 45 ನಿಮಿಷ ಬಿಡುವು ಕೊಡಬೇಕು. ದಿನಕ್ಕೆ 9 ಗಂಟೆ ಡ್ರೈವಿಂಗ್, ವಾರದಲ್ಲಿ ಎರಡು ದಿನ ಮಾತ್ರ 10. ಪ್ರತಿ 24 ಗಂಟೆಯೊಳಗೆ ಒಟ್ಟು 11 ಗಂಟೆಗಳಷ್ಟು ವಿಶ್ರಾಂತಿ. ಅಂದರೆ ಬೆಳಿಗ್ಗೆ ಆರಕ್ಕೆ ಕೆಲಸ ಶುರುವಾದರೆ ಸಂಜೆ ಏಳಕ್ಕೆ ಮುಗಿಯಬೇಕು. ವಿಶ್ರಾಂತಿಯನ್ನು ಒಂದೊಂದು ದಿನ 9 ಗಂಟೆಗೆ ಇಳಿಸಬಹುದು, ಆದರೆ ಆ ವಾರ ನಮ್ಮ ಡ್ರೈವರ್ ಅದನ್ನೆಲ್ಲ ಬಳಸಿ ಆಗಿತ್ತು. ಬಸ್ಸಿನ ಟ್ಯಾಕೋಗ್ರಾಫ್ ಪ್ರತಿ ನಿಮಿಷವನ್ನೂ ದಾಖಲು ಮಾಡುತ್ತದೆ. "ಸ್ವಲ್ಪ ಅಡ್ಜಸ್ಟ್ ಮಾಡಿ" ಎನ್ನಬೇಡಿ. ನಿಂತ ಬಸ್ಸಿನಲ್ಲಿ ಎಸಿ ಹಾಕಿಸಿ ಅಂತಲೂ ಕೇಳಬೇಡಿ, ಡೆನ್ಮಾರ್ಕಿನಲ್ಲಿ ಸುಮ್ನೆ ಎಂಜಿನ್ ಓಡಿಸಲು ಒಂದು ನಿಮಿಷ ಮಾತ್ರ ಅವಕಾಶ.

ಹಾಗಾಗಿ ಈಗ ನಾನು ರೋಸ್ಕಿಲ್ಡೆಯನ್ನು ದೂರದ ದಾರಿಯ ನಡುವೆ ತುರುಕುವುದಿಲ್ಲ. ಕೋಪನ್‌ಹೇಗನ್‌ನಲ್ಲಿ ಉಳಿದು, ಅಲ್ಲಿಂದ ಒಂದು ಇಡೀ ದಿನ ಕೊಡುತ್ತೇನೆ. ಬರೀ 30 ಕಿಲೋಮೀಟರ್ ಚಿಲ್ಲರೆ ದಾರಿ. ಬೆಳಿಗ್ಗೆ ಮೇಲೆ ಕೆಥೆಡ್ರಲ್ ಹತ್ತಿರ ಇಳಿಸುತ್ತೇನೆ, ಇಳಿಜಾರಿನ ಪಾರ್ಕ್ ದಾಟಿ ನಿಧಾನಕ್ಕೆ ಬಂದರಿಗೆ ನಡೆಸುತ್ತೇನೆ, ಬಸ್ ಕೆಳಗೆ ಬಂದು ಹತ್ತಿಸಿಕೊಳ್ಳುತ್ತದೆ. ಯಾರೂ ಏರು ಹತ್ತಬೇಕಿಲ್ಲ.

ಕೆಥೆಡ್ರಲ್ 12ನೇ ಶತಮಾನದಲ್ಲಿ ಶುರುವಾದ ಇಟ್ಟಿಗೆ ಕಟ್ಟಡ, 1995ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಡೆನ್ಮಾರ್ಕಿನ ಸುಮಾರು 40 ರಾಜ ರಾಣಿಯರ ಸಮಾಧಿ ಅಲ್ಲಿವೆ. ಜನಕ್ಕೆ ಜಾಸ್ತಿ ಹಿಡಿಸುವುದು ಮಾತ್ರ ಬೇರೆ ಎರಡು. ಒಂದು, ಬಂದುಹೋದ ರಾಜರ ಎತ್ತರ ಗುರುತು ಮಾಡಿದ ಕಂಬ. ಇನ್ನೊಂದು, ಗಂಟೆಗೊಮ್ಮೆ ಸಂತ ಜಾರ್ಜ್ ಡ್ರ್ಯಾಗನ್ ಕೊಲ್ಲುವ ಹಳೆಯ ಗಡಿಯಾರ. ಸರಿಯಾಗಿ ಗಂಟೆ ಹೊಡೆಯುವ ಹೊತ್ತಿಗೆ ಗುಂಪನ್ನು ಅದರ ಕೆಳಗೆ ನಿಲ್ಲಿಸಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಪ್ರವಾಸಿಗರಿಗೆ ಮಧ್ಯಾಹ್ನವೇ ಪ್ರವೇಶ. ಮದುವೆ, ಶವಸಂಸ್ಕಾರ ಇದ್ದಾಗಲೂ ಬಾಗಿಲು ಹಾಕಿರುತ್ತಾರೆ.

ಬಂದರಿಗೆ ಇಳಿಯುವ ಮುನ್ನ ಒಂದು ಮಾತು ಹೇಳಲೇಬೇಕು. ಈ ಬಂದರು ಇರುವುದು ಒಂದು ಫ್ಯೋರ್ಡ್‌ನ, ಅಂದರೆ ನೆಲದೊಳಗೆ ಚಾಚಿದ ಸಮುದ್ರದ ತೋಳಿನ, ದಡದಲ್ಲಿ. ಫ್ಯೋರ್ಡ್ ಎಂದರೆ ನಮ್ಮವರ ಕಣ್ಣಿಗೆ ಬರುವುದು ನಾರ್ವೆಯ ಕಡಿದಾದ ಬಂಡೆ, ಜಲಪಾತ. ಇಲ್ಲಿ ಅದಿಲ್ಲ. ಇದು ತಗ್ಗು ದಡದ, ಹೆಚ್ಚು ಆಳವಿಲ್ಲದ ನೀರು. ಮೊದಲೇ ಹೇಳದಿದ್ದರೆ "ಇಷ್ಟೇನಾ?" ಎಂಬ ನಿರಾಸೆ ಖಂಡಿತ. ಆದರೆ ಈ ಊರಿನ ಕತೆ ಇರುವುದೇ ಆ ಆಳವಿಲ್ಲದ ನೀರಿನಲ್ಲಿ. ಹಡಗು ಹೋಗುವ ದಾರಿಗಳು ಕಿರಿದು. ಸುಮಾರು 1070ರ ಹೊತ್ತಿಗೆ ಜನ ಹಳೆಯ ಹಡಗುಗಳಿಗೆ ಕಲ್ಲು ತುಂಬಿ, ಸ್ಕುಲ್ಡೆಲೆವ್ ಎಂಬ ಹಳ್ಳಿಯ ಹತ್ತಿರ ಮುಳುಗಿಸಿ, ಶತ್ರುಗಳಿಗೆ ದಾರಿ ಕಟ್ಟಿದರು. 1962ರಲ್ಲಿ ಸುತ್ತ ತಡೆಗೋಡೆ ಹಾಕಿ, ನೀರು ಹೊರಹಾಕಿ, ಐದು ಹಡಗು ತೆಗೆದರು. ಅದರಲ್ಲಿ ಒಂದು ಸುಮಾರು 30 ಮೀಟರ್ ಉದ್ದದ ಯುದ್ಧದ ಹಡಗು, 1042ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಕಟ್ಟಿದ್ದು. ಅದೇ ಅಳತೆಯಲ್ಲಿ ಮತ್ತೆ ಕಟ್ಟಿದ ಹಡಗು 2007ರಲ್ಲಿ ಡಬ್ಲಿನ್‌ವರೆಗೆ ಹೋಯಿತು. ಇದನ್ನು ಬಸ್ಸಿನಲ್ಲೇ ಹೇಳಿಬಿಡಿ. ಆಮೇಲೆ ಅದೇ ನೀರನ್ನು ಜನ ಬೇರೆ ಕಣ್ಣಿನಿಂದ ನೋಡುತ್ತಾರೆ.

ಈ ಐದು ಹಡಗುಗಳಿರುವ ವೈಕಿಂಗ್ (ಹಳೆಯ ಕಾಲದ ಉತ್ತರ ಯುರೋಪಿನ ನಾವಿಕರ) ಹಡಗುಗಳ ಮ್ಯೂಸಿಯಂ ನೀರಿನ ಅಂಚಿನಲ್ಲೇ ಇದೆ. 2013ರ ಡಿಸೆಂಬರ್ ಚಂಡಮಾರುತದಲ್ಲಿ ಉಕ್ಕಿದ ನೀರು ಅದರ ಹಡಗುಗಳ ಹಾಲ್‌ಗೇ ಅಪಾಯ ತಂದಿತ್ತು. ಯಾವ ಭಾಗ ತೆರೆದಿದೆ ಎಂದು ಬುಕಿಂಗ್ ಮಾಡುವಾಗಲೇ ಕೇಳಿ. ಬೇಸಿಗೆಯಲ್ಲಿ ದೋಣಿ ವಿಹಾರವೂ ಇದೆ. ಹುಟ್ಟು ಹಾಕಬೇಕಾದವರು ನಾವೇ! ಇದನ್ನು ತಪ್ಪಿಸಬೇಡಿ. ಲೈಫ್ ಜಾಕೆಟ್ ಅವರೇ ಕೊಡುತ್ತಾರೆ, ಗಾಳಿ ತಡೆಯುವ ಜಾಕೆಟ್ ನಾವು ತರಬೇಕು. ಜೂನ್‌ನಲ್ಲೂ ಗಾಳಿ ಚಳಿ ಚಳಿ ಅನ್ನಿಸುತ್ತದೆ. ದೋಣಿ ಹತ್ತಲಾಗದ ಹಿರಿಯರನ್ನು ದಡದಲ್ಲಿ ಒಂಟಿಯಾಗಿ ಬಿಡಬೇಡಿ, ಯಾರಾದರೂ ಒಬ್ಬರು ಜೊತೆಗಿರಲಿ.

ಊಟದ ವಿಷಯ ಬೇಗ ಮುಗಿಸುತ್ತೇನೆ. ರೈ ಎಂಬ ಧಾನ್ಯದ ಬ್ರೆಡ್ ಮೇಲೆ ಮೀನು, ಮಾಂಸ ಇಡುವುದು ಅಲ್ಲಿನ ಮಧ್ಯಾಹ್ನದ ರೂಢಿ. ಸಸ್ಯಾಹಾರಿಗಳ ಲೆಕ್ಕ ಮೊದಲೇ ಬರೆದು ಕಳಿಸಿ, ಮೊಟ್ಟೆ ತಿನ್ನದವರ ಲೆಕ್ಕ ಬೇರೆ ಕೊಡಿ.

ತಾರೀಖು ಹಾಕುವಾಗ ಜೂನ್ ಕೊನೆ, ಜುಲೈ ಮೊದಲ ವಾರ ಬಿಡಿ. ಆಗ ರೋಸ್ಕಿಲ್ಡೆ ಸಂಗೀತೋತ್ಸವಕ್ಕೆ ಲಕ್ಷ ಜನ ಸೇರುತ್ತಾರೆ. ನನ್ನ ಇಷ್ಟದ ಸಮಯ ಮೇ ಕೊನೆ. ಸಂಜೆ ಒಂಬತ್ತರವರೆಗೂ ಬೆಳಕಿರುತ್ತದೆ, ಆದರೂ ನಾನು ಬಸ್ಸನ್ನು ಬಂದರಿಗೆ ನಾಲ್ಕೂವರೆಗೇ ಕರೆಸುತ್ತೇನೆ.