ಪಿಕಪ್ ಟ್ರಕ್ಕಿನ ಪೇಲೋಡ್ ಮತ್ತು ಟೋಯಿಂಗ್ ಲೆಕ್ಕ: ಟ್ರೈಲರ್ ಭಾರ ಎಲ್ಲಿ ಸೇರುತ್ತದೆ?

ಪಿಕಪ್ ಟ್ರಕ್ಕಿನ ಬ್ರೋಷರ್‌ನಲ್ಲಿ ದೊಡ್ಡದಾಗಿ ಕಾಣುವುದು ಎಳೆಯುವ ಸಾಮರ್ಥ್ಯ. 4,500 ಕೆಜಿ ಅಂತ ಬರೆದಿದ್ದರೆ 4,500 ಕೆಜಿ ಟ್ರೈಲರ್ ಕಟ್ಟಿಕೊಂಡು ಹೊರಡಬಹುದು ಅನ್ನಿಸುತ್ತದೆ ಅಲ್ವಾ? ಮನೆಮಂದಿಯೆಲ್ಲ ಹತ್ತಿ ಕೂತ ಟ್ರಕ್ಕಿನಲ್ಲಿ ಸಾಮಾನ್ಯವಾಗಿ ಅದು ಆಗುವುದಿಲ್ಲ. ಎಂಜಿನ್ನಿಗೆ ಎಳೆಯುವ ತಾಕತ್ತು ಇದ್ದೇ ಇರುತ್ತದೆ. ಆದರೆ ಅಷ್ಟು ಎಳೆಯುವ ಮೊದಲೇ ಪೇಲೋಡ್, ಅಂದರೆ ಟ್ರಕ್ಕು ತನ್ನ ಮೇಲೆ ಹೊರಬಹುದಾದ ಭಾರ, ಮುಗಿದಿರುತ್ತದೆ. ಇದು ಯಾಕೆ ಅಂತ ತಿಳಿದರೆ ಉಳಿದದ್ದೆಲ್ಲ ಸುಲಭ.

ಮೊದಲು ಹೆಸರುಗಳು

ಜಿವಿಡಬ್ಲ್ಯುಆರ್ ಅಂದರೆ ಟ್ರಕ್ಕು, ಅದರಲ್ಲಿರುವ ಜನ, ಸಾಮಾನು, ಡೀಸೆಲ್ಲು ಎಲ್ಲ ಸೇರಿ ಮೀರಬಾರದ ತೂಕ. ಜಿಎಡಬ್ಲ್ಯುಆರ್ ಅಂದರೆ ಒಂದೊಂದು ಆಕ್ಸಲ್ ಹೊರಬಹುದಾದ ತೂಕ, ಮುಂದಕ್ಕೆ ಬೇರೆ, ಹಿಂದಕ್ಕೆ ಬೇರೆ. ಜಿಸಿಡಬ್ಲ್ಯುಆರ್ ಅಂದರೆ ಟ್ರಕ್ಕು, ಟ್ರೈಲರ್ ಎರಡನ್ನೂ ಕೂಡಿಸಿದ ಮಿತಿ. ಪೇಲೋಡ್ ಅಂದರೆ ಜಿವಿಡಬ್ಲ್ಯುಆರ್‌ನಲ್ಲಿ ಖಾಲಿ ಟ್ರಕ್ಕಿನ ತೂಕ ಕಳೆದರೆ ಉಳಿಯುವುದು. ಖಾಲಿ ಅಂದರೂ ಟ್ಯಾಂಕ್ ತುಂಬಿರುತ್ತದೆ, ಜನ ಮಾತ್ರ ಇರುವುದಿಲ್ಲ. ಅಂದರೆ ಡ್ರೈವರ್ ತೂಕವೂ ಪೇಲೋಡಿನಿಂದಲೇ ಹೋಗುತ್ತದೆ.

ಮುಂದಿನ, ಹಿಂದಿನ ಆಕ್ಸಲ್‌ಗಳ ಮಿತಿ ಕೂಡಿಸಿದರೆ ಸಾಮಾನ್ಯವಾಗಿ ಜಿವಿಡಬ್ಲ್ಯುಆರ್‌ಗಿಂತ ಜಾಸ್ತಿಯೇ ಬರುತ್ತದೆ. ಅಷ್ಟು ಹೇರಬಹುದು ಅಂತ ಅರ್ಥ ಅಲ್ಲ. ಮೂರು ಮಿತಿಗಳನ್ನೂ ಬೇರೆ ಬೇರೆಯಾಗಿ ದಾಟದೆ ಇರಬೇಕು.

ಅಮೆರಿಕದಲ್ಲಿ ಮಾರುವ ಟ್ರಕ್ಕುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಟೈರಿನ ಗಾಳಿಯ ಒತ್ತಡ ಬರೆದ ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಕೆಜಿ ಮೀರಬಾರದು ಅನ್ನುವ ಸಾಲು ಅದರಲ್ಲೇ ಇದೆ. ನಂಬಬೇಕಾದ ಅಂಕಿ ಅದು. ಬ್ರೋಷರ್‌ನಲ್ಲಿರುವುದು ಆ ಮಾಡೆಲ್ಲಿನಲ್ಲಿ ಸಿಗುವ ಅತಿ ಹೆಚ್ಚಿನ ಅಂಕಿ. ಸನ್‌ರೂಫ್, ಫೋರ್ ವೀಲ್ ಡ್ರೈವ್, ದೊಡ್ಡ ಕ್ಯಾಬಿನ್ ಒಂದೊಂದಾಗಿ ಸೇರಿದ ಹಾಗೆ ಖಾಲಿ ತೂಕ ಏರುತ್ತದೆ, ಪೇಲೋಡ್ ಇಳಿಯುತ್ತದೆ. ಬಣ್ಣ ಒಂದೇ, ಮಾಡೆಲ್ ಒಂದೇ, ಆದರೂ ಎರಡು ಟ್ರಕ್ಕಿನ ಸ್ಟಿಕರ್ ಬೇರೆ ಬೇರೆ ಇರಬಹುದು. ಫೋರ್ಡ್ ಎಫ್-150ಯಂಥ ಗಾಡಿಗೆ ‘ಅರ್ಧ ಟನ್’ ಅನ್ನುವುದು ಹಳೇ ರೂಢಿಯ ಹೆಸರು. ಅದರಿಂದ ಪೇಲೋಡ್ ತಿಳಿಯುವುದಿಲ್ಲ.

ಟಂಗ್ ವೇಟ್: ತಲೆ ಕೆಡಿಸುವ ಜಾಗ

ಟ್ರೈಲರ್ ತನ್ನ ಅಷ್ಟೂ ಭಾರವನ್ನು ತನ್ನ ಚಕ್ರಗಳ ಮೇಲೆ ಹೊತ್ತುಕೊಳ್ಳುವುದಿಲ್ಲ. ಅದರ ಮೂತಿ ಟ್ರಕ್ಕಿನ ಹಿಂದಿರುವ ಕೊಂಡಿಯ ಗುಂಡು, ಅಂದರೆ ಹಿಚ್ ಬಾಲ್ ಮೇಲೆ ಕೂರುತ್ತದಲ್ಲ, ಅಲ್ಲಿ ಕೆಳಕ್ಕೆ ಒತ್ತುವ ಭಾರವೇ ಟಂಗ್ ವೇಟ್. ಮಾಮೂಲಿ ಟ್ರೈಲರ್‌ನಲ್ಲಿ ಇದು ತುಂಬಿದ ತೂಕದ ಶೇ. 10ರಿಂದ 15 ಇರಬೇಕು. ಟ್ರಕ್ಕಿನ ಬೆಡ್ಡಿನೊಳಗೆ (ಸಾಮಾನು ಹೇರುವ ಹಿಂಭಾಗದಲ್ಲಿ) ಕೂರುವ ಫಿಫ್ತ್ ವೀಲ್, ಗೂಸ್‌ನೆಕ್ ಟ್ರೈಲರ್‌ಗಳಲ್ಲಿ ಶೇ. 15ರಿಂದ 25.

ಈ ಭಾರ ಹೊರುವುದು ಟ್ರಕ್ಕು. ಹಾಗಾಗಿ ಇದು ಪೇಲೋಡಿಗೇ ಸೇರುತ್ತದೆ. ಎಳೆಯುವುದು ಬೇರೆ ಲೆಕ್ಕ, ಹೊರುವುದು ಬೇರೆ ಲೆಕ್ಕ ಅಂತ ಇಟ್ಟುಕೊಂಡರೆ ಇಲ್ಲೇ ದಾರಿ ತಪ್ಪುತ್ತದೆ. ಎರಡೂ ಲೆಕ್ಕ ಈ ಬಾಲ್ ಮೇಲೆ ಕೂಡುತ್ತವೆ.

ಒಂದು ಕಾಲ್ಪನಿಕ ಟ್ರಕ್ ತೆಗೆದುಕೊಳ್ಳೋಣ. ಜಿವಿಡಬ್ಲ್ಯುಆರ್ 3,200 ಕೆಜಿ. ಸ್ಟಿಕರ್‌ನ ಪೇಲೋಡ್ 720. ಅಂದರೆ ಖಾಲಿ ಟ್ರಕ್ಕು 2,480. ಟೋ ರೇಟಿಂಗ್, ಅಂದರೆ ಬ್ರೋಷರ್ ಹೇಳುವ ಎಳೆಯುವ ಸಾಮರ್ಥ್ಯ, 4,500, ಜಿಸಿಡಬ್ಲ್ಯುಆರ್ 7,100. ನಾಲ್ಕು ಜನ 280 ಕೆಜಿ, ಬೆಡ್ಡಿನಲ್ಲಿರುವ ಸಾಮಾನು 60, ಹಿಚ್ಚಿನ ಕಬ್ಬಿಣ 35. ಒಟ್ಟು 375. 720ರಲ್ಲಿ 375 ಕಳೆದರೆ ಟಂಗ್ ವೇಟ್‌ಗೆ ಉಳಿದದ್ದು 345. ಶೇ. 13 ಅಂತ ಹಿಡಿದರೆ 345 ಭಾಗಿಸು 0.13, ಸುಮಾರು 2,650. ಈ ಟ್ರಕ್ಕು ಈ ನಾಲ್ಕು ಜನರ ಜೊತೆ ಎಳೆಯಬಹುದಾದ ಟ್ರೈಲರ್ 2,650 ಕೆಜಿ, 4,500 ಅಲ್ಲ.

ಬ್ರೋಷರ್ ಸುಳ್ಳು ಹೇಳಿಲ್ಲ. ಟೋ ರೇಟಿಂಗ್ ಪರೀಕ್ಷೆಗೆ ಎಸ್‌ಎಇ ಜೆ2807 ಅನ್ನುವ ಮಾನದಂಡ ಇದೆ. ಅದರಲ್ಲಿ ಟ್ರಕ್ಕಿನೊಳಗೆ ಇಬ್ಬರೇ, ತಲಾ 68 ಕೆಜಿ ಅಂತ ಹಿಡಿಯುತ್ತಾರೆ. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಎಸಿ ಹಾಕಿಕೊಂಡೇ, ವೇಗ ತೀರಾ ಬೀಳದ ಹಾಗೆ ಹತ್ತಬೇಕು. ಒಳ್ಳೆಯ ಪರೀಕ್ಷೆಯೇ. ನಮ್ಮ ಗಾಡಿಯಲ್ಲಿ ಮಾತ್ರ ಇಬ್ಬರ ಜಾಗದಲ್ಲಿ ನಾಲ್ಕು ಜನ ಇರುತ್ತಾರೆ.

ನನಗೆ ಬಹಳ ಇಷ್ಟವಾದ ಕಿರುದಾರಿ ಒಂದಿದೆ. ಉಳಿದ ಪೇಲೋಡನ್ನು ಏಳೂವರೆಯಿಂದ ಗುಣಿಸಿ. 345ಕ್ಕೆ ಸುಮಾರು 2,590 ಬರುತ್ತದೆ. ನಿಜವಾದ ಉತ್ತರಕ್ಕಿಂತ ಸ್ವಲ್ಪ ಕಮ್ಮಿ, ಅದೇ ಒಳ್ಳೆಯದು. ಇದರಿಂದ ಇನ್ನೊಂದು ವಿಷಯವೂ ಹೊಳೆಯುತ್ತದೆ: ಬೆಡ್ಡಿನಿಂದ 40 ಕೆಜಿ ಪೆಟ್ಟಿಗೆ ಕೆಳಗಿಳಿಸಿದರೆ ಟ್ರೈಲರ್ ಕಡೆ ಸುಮಾರು 300 ಕೆಜಿಗೆ ಜಾಗ ಆಗುತ್ತದೆ. ಪೆಟ್ಟಿಗೆ ಬೇಕೇ ಬೇಕು ಅಂದರೆ ಅದನ್ನು ಟ್ರೈಲರ್‌ನಲ್ಲಿ ಚಕ್ರದ ನೇರಕ್ಕೆ ಇಡಿ. ಅಲ್ಲಿಟ್ಟರೆ ಬಾಲ್ ಮೇಲೆ ಹೆಚ್ಚುಕಮ್ಮಿ ಏನೂ ಬೀಳುವುದಿಲ್ಲ.

ವೇಬ್ರಿಡ್ಜ್ ಚೀಟಿ ಓದುವುದು

ಲೆಕ್ಕ ಸರಿಯಿದೆಯಾ ಅಂತ ಗೊತ್ತಾಗುವುದು ತೂಕ ಹಾಕಿದಾಗಲೇ. ಎರಡು ಸಲ ತೂಗಬೇಕು. ಜನ, ಸಾಮಾನು, ಹಿಚ್ ಎಲ್ಲ ಇರುವ ಟ್ರಕ್ಕನ್ನು ಟ್ರೈಲರ್ ಇಲ್ಲದೆ ಒಂದು ಸಲ. ಟ್ರೈಲರ್ ಕಟ್ಟಿ ಇನ್ನೊಂದು ಸಲ. ಎರಡು ಸಲವೂ ಪ್ರತಿ ಆಕ್ಸಲ್ ತೂಕ ಬೇರೆ ಬೇರೆ ಸಿಗಬೇಕು.

ಮೊದಲ ಚೀಟಿ: ಮುಂದಿನ ಆಕ್ಸಲ್ 1,560, ಹಿಂದಿನದು 1,295. ಒಟ್ಟು 2,855.
ಎರಡನೇ ಚೀಟಿ: ಮುಂದಿನದು 1,460, ಹಿಂದಿನದು 1,740, ಟ್ರೈಲರ್ ಚಕ್ರಗಳು 2,305.

ಎರಡನೇ ಚೀಟಿಯಲ್ಲಿ ಟ್ರಕ್ಕಿನ ಎರಡು ಆಕ್ಸಲ್ ಕೂಡಿಸಿ: 3,200. ಮೊದಲಿನ 2,855 ಕಳೆಯಿರಿ: 345. ಇದೇ ಟಂಗ್ ವೇಟ್. ಟ್ರೈಲರ್‌ನ ಪೂರ್ತಿ ತೂಕ ಅಂದರೆ 2,305ಕ್ಕೆ 345 ಸೇರಿಸಿ 2,650.

ಈಗ ಜಿಸಿಡಬ್ಲ್ಯುಆರ್ ಜೊತೆ ಹೋಲಿಸಬೇಕು. ಎಷ್ಟು ಅಂತ ಹೇಳುವುದು? ಕಟ್ಟಿದ ಟ್ರಕ್ಕು 3,200, ಟ್ರೈಲರ್ 2,650, ಒಟ್ಟು 5,850 ಅನ್ನುವುದು ಬಾಯಿಗೆ ತಾನಾಗಿ ಬರುತ್ತದೆ. ಅದು ತಪ್ಪು. 3,200ರೊಳಗೆ ಟಂಗ್ ವೇಟ್ ಆಗಲೇ ಕೂತಿದೆ, 2,650ರೊಳಗೂ ಅದೇ 345 ಇದೆ. ಒಂದೇ ಭಾರವನ್ನು ಎರಡು ಸಲ ಎಣಿಸಿದ ಹಾಗಾಯಿತು. ಬಿಡಿ ಟ್ರಕ್ಕು ಜೊತೆ ಪೂರ್ತಿ ಟ್ರೈಲರ್ ಕೂಡಿಸಿ: 2,855 + 2,650 = 5,505. ಅಥವಾ ನೆಲದ ಮೇಲೆ ಬಿದ್ದದ್ದನ್ನಷ್ಟೇ ಕೂಡಿಸಿ: 3,200 + 2,305 = 5,505. ಎರಡೂ ಒಂದೇ ಬಂದರೆ ಲೆಕ್ಕ ಸರಿ. 7,100ಕ್ಕೆ ಇನ್ನೂ ಸುಮಾರು 1,600 ಬಾಕಿ ಇದೆ, ಆದರೆ ಜಿವಿಡಬ್ಲ್ಯುಆರ್ 3,200ಕ್ಕೆ ಸರಿಯಾಗಿ ಮುಟ್ಟಿ ನಿಂತಿದೆ. ಎಂಜಿನ್ನಿಗೆ ತಾಕತ್ತಿದ್ದೂ ಜಾಗ ಇಲ್ಲ ಅಂದದ್ದು ಇದನ್ನೇ.

ಚೀಟಿಯಲ್ಲಿ ಇನ್ನೊಂದು ಸಂಗತಿ ನೋಡಿ. ಬಾಲ್ ಮೇಲೆ ಬಿದ್ದದ್ದು 345, ಆದರೆ ಹಿಂದಿನ ಆಕ್ಸಲ್ 1,295ರಿಂದ 1,740ಕ್ಕೆ ಏರಿದೆ. 445 ಕೆಜಿ! ಉಳಿದ 100 ಎಲ್ಲಿಂದ ಬಂತು? ಮುಂದಿನ ಆಕ್ಸಲ್ಲಿನಿಂದ. ಅದು 1,560ರಿಂದ 1,460ಕ್ಕೆ ಇಳಿದಿದೆ. ಹಿಚ್ ಬಾಲ್ ಇರುವುದು ಹಿಂದಿನ ಚಕ್ರಕ್ಕಿಂತ ಆಚೆ. ಅಲ್ಲಿ ಒತ್ತಿದರೆ, ಹಾರೆ ಹಾಕಿ ಕಲ್ಲು ಎಬ್ಬಿಸಿದ ಹಾಗೆ, ಹಿಂದಿನ ಆಕ್ಸಲ್ ಮೇಲೆ ಆನಿಕೊಂಡು ಮುಂಭಾಗ ಮೇಲೇಳುತ್ತದೆ. ಆಕ್ಸಲ್ಲಿನಿಂದ ಬಾಲ್‌ಗೆ 1.1 ಮೀಟರ್, ವೀಲ್‌ಬೇಸ್ (ಮುಂದಿನ ಆಕ್ಸಲ್ಲಿನಿಂದ ಹಿಂದಿನದಕ್ಕೆ ಇರುವ ದೂರ) 3.8 ಮೀಟರ್ ಇದ್ದರೆ 345 × 1.1 ÷ 3.8, ಸುಮಾರು 100. ಅದಕ್ಕೇ ಹಿಂದಿನ ಆಕ್ಸಲ್ ಮಿತಿಯನ್ನು ಬೇರೆಯಾಗಿಯೇ ನೋಡಬೇಕು. ಅದು 1,850 ಇದ್ದರೆ ಇಲ್ಲಿ ಪಾಸು, 1,700 ಇದ್ದಿದ್ದರೆ ಜಿವಿಡಬ್ಲ್ಯುಆರ್ ಸರಿಯಿದ್ದೂ ಫೇಲು. ಮುಂದಿನ ಚಕ್ರ ಹಗುರವಾದರೆ ಸ್ಟೀರಿಂಗ್ ಹಿಡಿತ ಸಡಿಲವಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಈ ಭಾರದಲ್ಲಿ ಸ್ವಲ್ಪವನ್ನು ಮುಂದಿನ ಆಕ್ಸಲ್‌ಗೂ ಸ್ವಲ್ಪವನ್ನು ಟ್ರೈಲರ್ ಚಕ್ರಗಳಿಗೂ ತಿರುಗಿಸುತ್ತದೆ. ಹಂಚುವುದಷ್ಟೇ ಅದರ ಕೆಲಸ, ಜಿವಿಡಬ್ಲ್ಯುಆರ್ ಏರುವುದಿಲ್ಲ. ಹಿಂದಿನ ಸ್ಪ್ರಿಂಗಿಗೆ ಬಲ ಕೊಡಲು ಹಾಕಿಸುವ ಗಾಳಿಚೀಲ (ಏರ್‌ಬ್ಯಾಗ್), ಹೆಲ್ಪರ್ ಸ್ಪ್ರಿಂಗ್ ಕೂಡ ಅಷ್ಟೇ. ಗಾಡಿ ಸಮನಾಗಿ ನಿಲ್ಲುತ್ತದೆ, ಬ್ರೇಕು, ಆಕ್ಸಲ್ಲು, ಟೈರು ಹಳೆಯವೇ ಇರುತ್ತವೆ. ಹಿಚ್ ರಿಸೀವರ್, ಬಾಲ್, ಬಾಲ್ ಮೌಂಟ್ ಒಂದೊಂದಕ್ಕೂ ಬೇರೆ ರೇಟಿಂಗ್ ಇದೆ. ಎಲ್ಲಕ್ಕಿಂತ ಕಮ್ಮಿ ಯಾವುದೋ ಅದೇ ನಿಮ್ಮ ಮಿತಿ.

ಹಾಗಾದರೆ ಟಂಗ್ ವೇಟನ್ನೇ ಇಳಿಸಿಬಿಟ್ಟರೆ?

ಪೇಲೋಡ್ ಉಳಿಸಲು ಸಾಮಾನನ್ನು ಟ್ರೈಲರ್‌ನ ಹಿಂಭಾಗಕ್ಕೆ ತಳ್ಳುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಟಂಗ್ ವೇಟ್ ಶೇ. 10ಕ್ಕಿಂತ ಇಳಿದಷ್ಟೂ ಟ್ರೈಲರ್ ಬಾಲ ಆಡಿಸಲು ಶುರುಮಾಡುತ್ತದೆ. ವೇಗ ಏರಿದ ಹಾಗೆ ಆ ತೂಗಾಟ ಜಾಸ್ತಿಯಾಗಿ ಟ್ರಕ್ಕನ್ನೇ ಎಳೆದಾಡುತ್ತದೆ. ನಿಮ್ಮ ಟ್ರಕ್ಕು ಟಂಗ್ ವೇಟ್ ತಡೆಯುವುದಿಲ್ಲ ಅಂದರೆ ಸಣ್ಣ ಟ್ರೈಲರ್ ನೋಡಬೇಕು, ಅಥವಾ ದೊಡ್ಡ ಟ್ರಕ್.

ಕ್ಯಾಂಪಿಂಗ್ ಟ್ರೈಲರ್ ಇದ್ದವರು ನೀರಿನ ಟ್ಯಾಂಕ್ ಎಲ್ಲಿದೆ ಅಂತ ನೋಡಿಕೊಳ್ಳಿ. 150 ಲೀಟರ್ ನೀರು ಅಂದರೆ 150 ಕೆಜಿ. ಟ್ಯಾಂಕ್ ಟ್ರೈಲರ್ ಚಕ್ರಕ್ಕಿಂತ ಹಿಂದಿದ್ದರೆ ತುಂಬಿದಾಗ ಟಂಗ್ ವೇಟ್ ಇಳಿಯುತ್ತದೆ, ಖಾಲಿಯಾದಾಗ ಏರುತ್ತದೆ. ಮುಂದಿದ್ದರೆ ಉಲ್ಟಾ. ತುಂಬಿಕೊಂಡು ಹೋಗಿ ಖಾಲಿ ಮಾಡಿಕೊಂಡು ಬರುವವರು ಎರಡೂ ಸ್ಥಿತಿಯಲ್ಲಿ ತೂಕ ಹಾಕಿಸಿಕೊಳ್ಳಬೇಕು.