ಮೊದಲು ಕಕ್ಷೆ, ಆಮೇಲೆ ಹೆಸರು

ಆಕಾಶ ನೋಡುವ ಕೆಲಸದಲ್ಲಿರುವ ನಮ್ಮನ್ನು ಜನ ಪದೇ ಪದೇ ಕೇಳುತ್ತಾರೆ: ‘ಸರ್, ಒಂದು ಕ್ಷುದ್ರಗ್ರಹಕ್ಕೆ ಮಗಳ ಹೆಸರು ಇಡಿಸಬೇಕು, ಎಷ್ಟು ಖರ್ಚಾಗುತ್ತೆ?’ ದುಡ್ಡು ಕೊಟ್ಟರೆ ಆಗುವ ಕೆಲಸ ಇದಲ್ಲ. ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು, ಒಪ್ಪುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಇಂಗ್ಲಿಷಿನಲ್ಲಿ ಬರೆದರೆ 16 ಅಕ್ಷರ ಮೀರಬಾರದು. ಜಾಹೀರಾತಿನಂಥ ಹೆಸರು ನಡೆಯುವುದಿಲ್ಲ. ರಾಜಕಾರಣಿಯಾದರೆ ತೀರಿಕೊಂಡು 100 ವರ್ಷ ಆಗಿರಬೇಕು. ವಿಜ್ಞಾನ ಸ್ಪರ್ಧೆಯಲ್ಲಿ ಗೆದ್ದ ಶಾಲಾ ಮಕ್ಕಳ ಹೆಸರು ಹೊತ್ತವೂ ಇವೆ. ಅದು ನನಗೆ ತುಂಬಾ ಖುಷಿ ಕೊಡುವ ವಿಷಯ.

ಆದರೆ ಹೆಸರು ಬರುವುದು ಕೊನೆಗೆ. ‘4130 ರಾಮಾನುಜನ್’ ಅನ್ನೇ ನೋಡಿ. ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯ ಕಲ್ಲು ಅದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ ಅದನ್ನು 1988ರ ಫೆಬ್ರವರಿ 17ರಂದು ತಮಿಳುನಾಡಿನ ಕಾವಲೂರಿನಲ್ಲಿ ಕಂಡುಹಿಡಿದರು. ಮದ್ರಾಸಿನಲ್ಲಿದ್ದ ಖಗೋಳಜ್ಞ ನಾರ್ಮನ್ ಪಾಗ್ಸನ್ 1885ರಲ್ಲಿ ‘ವೇರಾ’ ಎಂಬ ಕ್ಷುದ್ರಗ್ರಹವನ್ನು ಕಂಡು ಅಷ್ಟರಲ್ಲಿ ನೂರು ವರ್ಷ ದಾಟಿತ್ತು. ಇದೇ ಪಾಗ್ಸನ್ 1861ರಲ್ಲಿ ಕಂಡದ್ದಕ್ಕೆ ‘ಏಷ್ಯಾ’ ಎಂದೇ ಹೆಸರು. ಈ ಖಂಡದಿಂದ ಕಂಡ ಮೊದಲ ಕ್ಷುದ್ರಗ್ರಹ ಅದು.

ಸಿಕ್ಕ ದಿನವೇ ಅದು ‘ರಾಮಾನುಜನ್’ ಆಗಲಿಲ್ಲ. ಮೊದಲು ಸಿಕ್ಕಿದ್ದು ‘1988 ಡಿಕ್ಯೂ1’ ಎಂಬ ತಾತ್ಕಾಲಿಕ ಗುರುತು. ವರ್ಷವನ್ನು 24 ಅರ್ಧ ತಿಂಗಳುಗಳಾಗಿ ಭಾಗ ಮಾಡುತ್ತಾರೆ. ‘ಡಿ’ ಅಂದರೆ ಫೆಬ್ರವರಿಯ ಎರಡನೇ ಅರ್ಧ. ಮುಂದಿನ ಅಕ್ಷರ ಆ ಅವಧಿಯಲ್ಲಿ ಎಷ್ಟನೆಯದು ಎಂಬ ಲೆಕ್ಕ. ‘ಐ’ ಬಿಟ್ಟು ಎಣಿಸಿದರೆ ‘ಕ್ಯೂ’ 16ನೆಯದು. ‘1’ ಅಂದರೆ 25 ಅಕ್ಷರಗಳ ಒಂದು ಸುತ್ತು ಆಗಲೇ ಮುಗಿದಿದೆ. ಹಾಗಾಗಿ ಇದು 41ನೆಯದು.

ಕಷ್ಟದ ಕೆಲಸ ಶುರುವಾಗುವುದೇ ಇಲ್ಲಿಂದ. ಸೂರ್ಯನಿಗೆ ಎದುರು ದಿಕ್ಕಿನಲ್ಲಿದ್ದಾಗ ಮುಖ್ಯ ಪಟ್ಟಿಯ ಕ್ಷುದ್ರಗ್ರಹ ದಿನಕ್ಕೆ ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು ಸರಿಯುತ್ತದೆ. ಒಂದೇ ಜಾಗದ ಫೋಟೋಗಳನ್ನು ಹೋಲಿಸಿದರೆ ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಒಂದು ಚುಕ್ಕೆ ಮಾತ್ರ ಜರುಗಿರುತ್ತದೆ. ಆ ಚುಕ್ಕೆಯ ಜಾಗದ ಜೊತೆಗೆ ಫೋಟೋ ತೆಗೆದ ಸಮಯವೂ ಕರಾರುವಾಕ್ಕಾಗಿರಬೇಕು. ಗಡಿಯಾರ ಒಂದು ನಿಮಿಷ ತಪ್ಪಿದರೂ ಜಾಗ ಅರ್ಧ ಆರ್ಕ್‌ಸೆಕೆಂಡಿಗಿಂತ (ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಭಾಗ) ಜಾಸ್ತಿ ತಪ್ಪುತ್ತದೆ. ಕಕ್ಷೆ ಹಾಳಾಗಲು ಅಷ್ಟು ಸಾಕು. ಹೊಸ ಹುಡುಗರಿಗೆ ನಾನು ಗಡಿಯಾರದ ಬಗ್ಗೆ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಕಕ್ಷೆಗೆ ಆರು ಸಂಖ್ಯೆಗಳು ಬೇಕು. ಒಂದು ಸಲ ನೋಡಿದರೆ ಸಿಗುವುದು ಎರಡೇ. ಅಂದರೆ ಕನಿಷ್ಠ ಮೂರು ಸಲ ನೋಡಬೇಕು. ಅಷ್ಟರಿಂದ ಬರುವುದೂ ಒರಟು ಅಂದಾಜು. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜಿ ಕಂಡ ಸೀರಿಸ್, ಅಂದರೆ ಮೊದಲು ಸಿಕ್ಕ ಕ್ಷುದ್ರಗ್ರಹ, ಕೆಲವೇ ವಾರಗಳಲ್ಲಿ ಸೂರ್ಯನ ಬೆಳಕಿಗೆ ಮರೆಯಾಯಿತು. ಗಣಿತಜ್ಞ ಗೌಸ್ ಲೆಕ್ಕ ಹಾಕಿ ಜಾಗ ತೋರಿಸಿದ ಮೇಲೆಯೇ ಡಿಸೆಂಬರ್ 31ರಂದು ಮತ್ತೆ ಸಿಕ್ಕಿತು.

ಇಂಥ ಕಲ್ಲು ಚೆನ್ನಾಗಿ ಕಾಣುವ ಕಾಲ ಸುಮಾರು ಒಂದೂಕಾಲು ವರ್ಷಕ್ಕೊಮ್ಮೆ ಬರುತ್ತದೆ. ಕಾಯಂ ನಂಬರ್ ಕೊಡುವ ಮೊದಲು ಸಾಮಾನ್ಯವಾಗಿ ಅಂಥ ನಾಲ್ಕು ಅವಕಾಶಗಳ ಅಳತೆ ಕೇಳುತ್ತಾರೆ. ಹಳೆಯ ಫೋಟೋಗಳಲ್ಲಿ ಗೊತ್ತಿಲ್ಲದೇ ಸೆರೆಯಾಗಿದ್ದರೆ ಆ ಅಳತೆಯೂ ಲೆಕ್ಕಕ್ಕೆ ಬರುತ್ತದೆ, ಕಾಯುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಡಿಕ್ಯೂ1ರ ಕಕ್ಷೆ ಗಟ್ಟಿಯಾದ ಮೇಲೆ ಅದಕ್ಕೆ 4130 ಎಂಬ ನಂಬರ್ ಬಿತ್ತು. ರಾಮಾನುಜನ್ ಹೆಸರು ಅದರ ಮುಂದೆ ಬಂದು ಕೂತಿತು.