ಹಳೆಯ ಚಿತ್ರಕ್ಕೆ ಗೋಡೆ ಹುಡುಕುವ ಮುಂಚೆ

ಹಳೆಯ ಚಿತ್ರವೊಂದನ್ನು ಮನೆಗೆ ತಂದವರು ಮೊದಲು ಕೇಳುವುದು ಒಂದೇ ಮಾತು: "ಇದನ್ನ ಎಲ್ಲಿ ಹಾಕೋಣ?" ನಾನು ಆಗ ಗೋಡೆ ಕಡೆ ನೋಡುವುದಿಲ್ಲ. ಮೇಜಿನ ಮೇಲೆ ಮೆತ್ತಗಿನ ಬಟ್ಟೆ ಹಾಸಿ ಚಿತ್ರವನ್ನು ಬೋರಲು ಮಲಗಿಸುತ್ತೇನೆ. ಅದು ಎಲ್ಲಿರಬೇಕು ಅನ್ನುವುದಕ್ಕೆ ಅರ್ಧ ಉತ್ತರ ಅದರ ಬೆನ್ನಲ್ಲೇ ಇರುತ್ತದೆ.

ಮೊದಲು ನೋಡಬೇಕಾದದ್ದು ಅದು ಕಾಗದವೋ ಕ್ಯಾನ್ವಾಸೋ ಎಂದು. ಕ್ಯಾನ್ವಾಸಾದರೆ ಅಂಚನ್ನು ಮರಕ್ಕೆ ಹೇಗೆ ಬಿಗಿದಿದ್ದಾರೆ ನೋಡಿ. ತುಕ್ಕು ಹಿಡಿದ ಸಣ್ಣ ಮೊಳೆಗಳಿದ್ದರೆ ಸಾಮಾನ್ಯವಾಗಿ ಹಳೆಯದು. ಸ್ಟೇಪಲ್ ಪಿನ್ ಬಳಕೆ ಹೆಚ್ಚಾದದ್ದು 20ನೇ ಶತಮಾನದ ನಡುಭಾಗದಿಂದ ಈಚೆಗೆ. ಆದರೆ ಅದೊಂದನ್ನೇ ನಂಬಬೇಡಿ. ಹಳೆಯ ಕ್ಯಾನ್ವಾಸನ್ನು ಯಾರೋ ಮತ್ತೆ ಬಿಗಿಸಿರಬಹುದು. ಕಾಗದವಾದರೆ ಹಿಂದಿನ ರಟ್ಟನ್ನು ನೋಡಿ. ಅಗ್ಗದ ರಟ್ಟಿನಲ್ಲಿ, ಮರದ ಹಲಗೆಯಲ್ಲಿ ಆಮ್ಲ ಇರುತ್ತದೆ. ಅದು ವರ್ಷಗಟ್ಟಲೆ ಕಾಗದವನ್ನು ಒಳಗಿಂದ ಸುಡುತ್ತಾ ಬರುತ್ತದೆ. ಹಲಗೆಯ ಸಂದುಗಳು ಕಂದು ಗೆರೆಗಳಾಗಿ ಚಿತ್ರದ ಮುಂಭಾಗದಲ್ಲೇ ಮೂಡಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ಭೂತಗನ್ನಡಿ. ಸಾಲಾಗಿ, ಅಚ್ಚುಕಟ್ಟಾಗಿ ಚುಕ್ಕೆಗಳು ಕಂಡರೆ ಅದು ಮೂಲ ಚಿತ್ರದ ಫೋಟೋ ತೆಗೆದು ಮಾಡಿದ ಅಚ್ಚು. ಕಲ್ಲಚ್ಚಿನಲ್ಲಿ, ಅಂದರೆ ಲಿಥೋಗ್ರಾಫ್‌ನಲ್ಲಿ ಹಾಗಿರುವುದಿಲ್ಲ. 1790ರ ದಶಕದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ ಇದು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾರೆ. ಹಾಗಾಗಿ ಕಣಗಳು ಕೈಬರಹದಂತೆ ಹೇಗೆ ಬೇಕೋ ಹಾಗೆ ಚದುರಿರುತ್ತವೆ. ಬಣ್ಣದ ಕಲ್ಲಚ್ಚಿಗೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕಿತ್ತು. ಎಚಿಂಗ್ ಅಂದರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ತೆಗೆದ ಅಚ್ಚು. ಅದರಲ್ಲಿ ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. ಚುಕ್ಕೆಗಳ ಅಚ್ಚನ್ನು ಇಷ್ಟಪಟ್ಟು ಹಾಕಿಕೊಳ್ಳುವುದು ತಪ್ಪೇನಲ್ಲ. ಆದರೆ ಮೂಲಕ್ಕೆ ಕೊಡುವ ಹಣವನ್ನು ಅದಕ್ಕೆ ಕೊಡಬಾರದು, ಅಲ್ವಾ?

ಇಷ್ಟೆಲ್ಲ ಯಾಕೆ ನೋಡಬೇಕೆಂದರೆ, ಚಿತ್ರದ ಜಾಗವನ್ನು ಮೊದಲು ತೀರ್ಮಾನಿಸುವುದು ಅದರ ವಸ್ತು. ನಮ್ಮ ಕಣ್ಣಿನ ಸರದಿ ಆಮೇಲೆ. ಇದನ್ನು ನಾನು ತಪ್ಪು ಮಾಡಿ ಕಲಿತೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಮನೆಯಲ್ಲಿ ಹಳೆಯ ಜಲವರ್ಣ ಚಿತ್ರವನ್ನು ಪಶ್ಚಿಮದ ಕಿಟಕಿಯ ಎದುರಿಗೆ ಹಾಕಿಸಿದೆ. ಸಂಜೆ ಬೆಳಕು ಬಿದ್ದಾಗ ಅದು ಹೊಳೆಯುತ್ತಿತ್ತು. ನನಗೂ ಮನೆಯವರಿಗೂ ತುಂಬಾ ಖುಷಿಯಾಗಿತ್ತು. ಕೆಲವು ವರ್ಷಗಳ ನಂತರ ಫ್ರೇಮ್ ಬದಲಿಸಲು ಬಿಚ್ಚಿದಾಗ, ಮೌಂಟ್, ಅಂದರೆ ಚಿತ್ರಕ್ಕೂ ಫ್ರೇಮಿಗೂ ನಡುವೆ ಸುತ್ತ ಇಡುವ ರಟ್ಟು, ಮುಚ್ಚಿದ್ದ ಅಂಚಿನಲ್ಲಿ ಮಾತ್ರ ನೀಲಿ ನೀಲಿಯಾಗಿ ಉಳಿದಿತ್ತು. ಉಳಿದ ಆಕಾಶವೆಲ್ಲ ಬೂದು. ಹೋದ ಬಣ್ಣ ವಾಪಸ್ ಬರುವುದಿಲ್ಲ. ಆ ನೀಲಿ ಪಟ್ಟಿ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಬೆಳಕಿನ ಹಾನಿ ದಿನದಿನಕ್ಕೂ ಕೂಡುತ್ತಾ ಹೋಗುತ್ತದೆ. ಕಾಗದದ ಮೇಲಿನ ಚಿತ್ರಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿ ಇಟ್ಟುಕೊಳ್ಳುತ್ತವೆ (ಲಕ್ಸ್ ಅಂದರೆ ಮೇಲೆ ಬೀಳುವ ಬೆಳಕಿನ ಅಳತೆ). ತೈಲಚಿತ್ರಕ್ಕೆ 200ರ ಆಸುಪಾಸು. ಕಿಟಕಿಯ ಪಕ್ಕ ಹಗಲಿನಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಮನೆಯನ್ನು ಮ್ಯೂಸಿಯಂನಷ್ಟು ಕತ್ತಲು ಮಾಡಬೇಕಾಗಿಲ್ಲ. ಜಲವರ್ಣ, ಹಳೆಯ ಅಚ್ಚು, ಹಳೆಯ ಫೋಟೋಗಳನ್ನು ನೇರ ಬಿಸಿಲು ಬೀಳದ ಗೋಡೆಗೆ ಹಾಕಿ, ಬೆಳಕಿರುವ ಗೋಡೆಯನ್ನು ತೈಲಚಿತ್ರಕ್ಕೆ ಬಿಡಿ. ಅದಕ್ಕೂ ನೇರ ಬಿಸಿಲು ಬೇಡ. ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿಸಿದರೆ ಹಾನಿ ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಕಾಗದದ ಚಿತ್ರಗಳಿಗೆ ನನಗೆ ತುಂಬಾ ಇಷ್ಟವಾದ ಜಾಗ ಕೋಣೆಯಿಂದ ಕೋಣೆಗೆ ಹೋಗುವ ಕಿರಿದಾದ ಹಾದಿ. ಅಲ್ಲಿ ಬಿಸಿಲು ಕಡಿಮೆ. ಮುಖ್ಯವಾಗಿ, ಅಲ್ಲಿ ಜನ ಚಿತ್ರದ ಹತ್ತಿರದಿಂದಲೇ ಹಾದುಹೋಗುತ್ತಾರೆ. ಸಣ್ಣ ಎಚಿಂಗ್‌ಗಳನ್ನು ಕೈಯಲ್ಲಿ ಹಿಡಿದು ನೋಡುವಷ್ಟು ಹತ್ತಿರದಿಂದ ನೋಡಬೇಕು. ದೊಡ್ಡ ಹಾಲ್‌ನ ನಡುಗೋಡೆಗೆ ಏರಿಸಿದರೆ ಅವು ಅಂಚೆಚೀಟಿಯಂತೆ ಕಾಣುತ್ತವೆ.

ತೇವದ ಗೋಡೆ ಬೇಡವೇ ಬೇಡ. ಸ್ನಾನದ ಮನೆಗೆ ಅಂಟಿದ ಗೋಡೆ, ಮಳೆ ಹೊಡೆಯುವ ಹೊರಗೋಡೆ, ಎರಡೂ ಕಾಗದದ ಮೇಲೆ ಕಂದು ಚುಕ್ಕೆ ತರಿಸುತ್ತವೆ. ಫ್ರೇಮಿನ ಕೆಳಮೂಲೆಗಳ ಹಿಂದೆ ಕಾರ್ಕ್ ಅಥವಾ ರಬ್ಬರಿನ ಸಣ್ಣ ತುಂಡು ಅಂಟಿಸಿದರೆ ಗಾಳಿಯಾಡಲು ಸಂದು ಸಿಗುತ್ತದೆ.

ಬಣ್ಣದ ವಿಷಯದಲ್ಲಿ ಜಾಸ್ತಿ ಜನ ಎಡವುವುದು ಬಿಳಿಯಲ್ಲಿ. ಅಚ್ಚ ಬಿಳಿ ಮೌಂಟ್, ಅಚ್ಚ ಬಿಳಿ ಗೋಡೆ ಹಳೆಯ ಕಾಗದವನ್ನು ಕೊಳಕಾಗಿ ತೋರಿಸುತ್ತವೆ. ಚಿತ್ರದಲ್ಲಿ ಏನೂ ದೋಷವಿರುವುದಿಲ್ಲ. ಹೋಲಿಕೆ ತಪ್ಪಾಗಿರುತ್ತದೆ. ಮೌಂಟ್ ಆಮ್ಲರಹಿತವಾಗಿರಲಿ, ಬಣ್ಣ ಕಾಗದದಷ್ಟೇ ಇಲ್ಲವೇ ಅದಕ್ಕಿಂತ ಒಂದು ಛಾಯೆ ಗಾಢವಾಗಿರಲಿ. ಅದೇ ಚಿತ್ರ ತಟ್ಟನೆ ಬೆಳ್ಳಗಾಗುತ್ತದೆ. ಹಳೆಯ ಫ್ರೇಮ್ ಗಟ್ಟಿಯಾಗಿದ್ದರೆ ಅದನ್ನು ಉಳಿಸಿಕೊಂಡು ಒಳಗಿನ ರಟ್ಟು, ಮೌಂಟ್ ಮಾತ್ರ ಬದಲಿಸಿ. ಮೌಂಟ್ ಇಲ್ಲದೆ ಗಾಜಿಗೆ ತಾಗಿಕೊಂಡಿರುವ ಫೋಟೋ ತೇವಕ್ಕೆ ಅಂಟಿಕೊಂಡುಬಿಡುತ್ತದೆ. ಅಂಟಿದ್ದರೆ ಕೀಳಬೇಡಿ, ಚಿತ್ರ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ತೈಲಚಿತ್ರದಲ್ಲಿ ಸಣ್ಣ ಬಿರುಕುಗಳಿದ್ದರೆ ಗಾಬರಿ ಬೇಡ, ಅದು ವಯಸ್ಸಿನ ಗುರುತು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಬಣ್ಣದ ಚಕ್ಕೆಗಳ ಅಂಚು ಮೇಲೆದ್ದಿದ್ದರೆ ಮಾತ್ರ ಕಷ್ಟ. ಅಂಥದ್ದನ್ನು, ಮುಗ್ಗಲು ವಾಸನೆ ಬರುವುದನ್ನು, ಫ್ರೇಮಿನಿಂದ ಮರದ ಪುಡಿ ಉದುರುವುದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಮತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಬೇಡ. ಗಾಜಿಗೂ ನೇರವಾಗಿ ಸ್ಪ್ರೇ ಮಾಡಬಾರದು, ದ್ರವ ಅಂಚಿನಿಂದ ಒಳಗಿಳಿಯುತ್ತದೆ.

ಎತ್ತರಕ್ಕೆ ಒಂದು ಅಂದಾಜು: ಚಿತ್ರದ ಮಧ್ಯ ನೆಲದಿಂದ 145ರಿಂದ 150 ಸೆಂ.ಮೀ. ಇರಲಿ. ಕೂತು ಕಾಲ ಕಳೆಯುವ ಕೋಣೆಯಲ್ಲಿ ಇನ್ನೂ ಸ್ವಲ್ಪ ಇಳಿಸಬಹುದು. ಸೋಫಾ ಮೇಲಾದರೆ ನಡುವೆ 15ರಿಂದ 20 ಸೆಂ.ಮೀ. ಸಾಕು. ಒಂದು ಮೊಳೆಯ ಬದಲು ಎರಡು ಕೊಕ್ಕೆ ಹಾಕಿದರೆ ಚಿತ್ರ ವಾಲುವುದಿಲ್ಲ.

ಮೊಳೆ ಹೊಡೆಯುವ ಮುಂಚೆ ಚಿತ್ರದ ಅಳತೆಗೆ ಕಾಗದ ಕತ್ತರಿಸಿ ಅಲ್ಲಿ ಅಂಟಿಸಿ, ಒಂದು ವಾರ ಸುಮ್ನೆ ಬಿಡಿ. ಬಿಸಿಲು ಆ ಕಾಗದದ ಮೇಲೆ ಬಂದಾಗಲೆಲ್ಲ ಗಂಟೆ ಎಷ್ಟೆಂದು ಪೆನ್ಸಿಲಿನಲ್ಲಿ ಅದರ ಮೇಲೇ ಬರೆದಿಡಿ. ಆರು ತಿಂಗಳಾದ ಮೇಲೆ ಇನ್ನೊಮ್ಮೆ ನೋಡಿ. ಅಷ್ಟರಲ್ಲಿ ಬಿಸಿಲು ಬೀಳುವ ದಾರಿ ಬದಲಾಗಿರಬಹುದು.